ಏಳನೆಯ ದೋಷ

ಕೆಂಪಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಹತ್ತೊಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಬೇರೆಯವರು ಬೆವರು ಸುರಿಸಿ ಬರೆದ ಕಾದಂಬರಿಗಳ ಮೈತುಂಬ ಕೆಂಪು ಪೆನ್ಸಿಲ್ ಆಡಿಸಿದ ಹೆಂಗಸನ್ನು ಯಾರು ತಾನೇ ಆ ಹೆಸರು ಹಿಡಿದು ಕರೆದಾರು? ಪ್ರಕಾಶನದ ಯಜಮಾನರಿಂದ ಹಿಡಿದು ಕೆಳಗಿನ ಮಹಡಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನವರೆಗೆ ಎಲ್ಲರಿಗೂ ಅವಳು ಕೆಂಪಕ್ಕ. ಹಸ್ತಪ್ರತಿ ಓದಿ, ಅಚ್ಚು ಹಾಕಬಹುದೋ ಬೇಡವೋ ಎಂದು ವರದಿ ಬರೆದುಕೊಡುವುದು ಅವಳ ಕೆಲಸ. ಬಾಯಿ ಜೋರು, ಕಣ್ಣು ಚುರುಕು. ಹತ್ತನೇ ಪುಟದಲ್ಲಿ ಸತ್ತ ಅಜ್ಜ ಮುನ್ನೂರನೇ ಪುಟದಲ್ಲಿ ಕೆಮ್ಮಿದರೆ ಅವಳಿಗೆ ತಟ್ಟನೆ ಕೇಳಿಸುತ್ತಿತ್ತು. ಮನೆಯೊಳಗಿನ ಕೆಮ್ಮು ಮಾತ್ರ ಕೇಳಿಸುತ್ತಿರಲಿಲ್ಲ. ದೀಪದ ಬುಡ ಕತ್ತಲೆ ಅಂತ ಸುಮ್ಮನೆ ಹೇಳುತ್ತಾರೆಯೇ?

ಆ ಪ್ರಕಾಶನದಲ್ಲಿ ಎರಡು ಕಟ್ಟಳೆಗಳಿದ್ದವು. ಬರೆದವರು ಯಾರೆಂದು ಓದುವವರಿಗೆ ಗೊತ್ತಾಗಬಾರದು ಎಂಬುದು ಮೊದಲನೆಯದು. ಯಜಮಾನರು ಹೆಸರಿನ ಹಾಳೆ ಕಿತ್ತು ಬೀರುವಿನಲ್ಲಿಟ್ಟು, ಮೇಲೊಂದು ಸಂಖ್ಯೆ ಹಾಕಿ ಕೊಡುತ್ತಿದ್ದರು. ಕೈಬರಹದ ಗುರುತು ಸಿಕ್ಕೀತೆಂದು ಟೈಪ್ ಮಾಡಿದ್ದನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಇನ್ನೊಂದು ವರದಿಯದು. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ ಬರೆಯಬೇಕು, ಎರಡೂ ಸಮಸಮ ಇರಬೇಕು. "ನಾಲ್ಕು ಬೈದು ಮೂರು ಹೊಗಳಿದ್ರೆ ಬರೆದೋನು ಮುದುಡಿ ಹೋಗ್ತಾನೆ. ನಾಲ್ಕು ಹೊಗಳಿ ಮೂರು ಬೈದ್ರೆ ನಮ್ಮ ಮಾತೇ ಕೇಳಲ್ಲ. ತಕ್ಕಡಿ ಸಮ ಇರ್ಲಿ" ಎಂದು ಯಜಮಾನರ ತಂದೆ ಹೇಳಿ ಹೋಗಿದ್ದರಂತೆ. ಅವರು ಹೋಗಿ ಇಪ್ಪತ್ತು ವರ್ಷವಾದರೂ ತಕ್ಕಡಿ ಮಾತ್ರ ಹಾಗೇ ತೂಗುತ್ತಿತ್ತು.

ಆ ಸೋಮವಾರ ಯಜಮಾನರು ನಲವತ್ತೊಂದನೇ ಸಂಖ್ಯೆಯ ಕಟ್ಟನ್ನು ಅವಳ ಮೇಜಿನ ಮೇಲಿಟ್ಟರು.

"ಹದಿಹರೆಯದವರಿಗೆ ಬರೆದಿದ್ದು ಕೆಂಪಕ್ಕ. ಲೋಕ ಮುಳುಗಿ ಹೋದ ಮೇಲಿನ ಕಥೆ. ವಿಜ್ಞಾನ ಗಿಜ್ಞಾನ ಎಲ್ಲ ಇದೆ. ಈಗಿನ ಮಕ್ಕಳು ಇಂಥದ್ದಕ್ಕೇ ಮುಗಿಬೀಳ್ತಾರಂತೆ."

"ಲೋಕ ಮುಳುಗಿ ಹೋದ್ಮೇಲೆ ಪುಸ್ತಕ ಓದೋರು ಯಾರು ಯಜಮಾನ್ರೇ?"

"ಅದನ್ನ ಕಟ್ಕೊಂಡು ನಿಮಗೇನಾಗ್ಬೇಕು? ಓದಿ."

ಇಂಥ ಕಥೆಗಳನ್ನು ಕಂಡರೆ ಕೆಂಪಕ್ಕನಿಗೆ ಮೈಯೆಲ್ಲ ಉರಿ. ಆ ವರ್ಷವೇ ಒಂಬತ್ತು ಓದಿದ್ದಳು. ಎಲ್ಲದರಲ್ಲೂ ಊರು ಹಾಳಾಗಿರುತ್ತದೆ, ದೊಡ್ಡವರೆಲ್ಲ ಪೆದ್ದರಾಗಿರುತ್ತಾರೆ, ಹದಿನಾರರ ಹುಡುಗಿಯೊಬ್ಬಳು ಲೋಕವನ್ನು ಬೆನ್ನ ಮೇಲೆ ಹೊತ್ತುಕೊಂಡು ಓಡುತ್ತಿರುತ್ತಾಳೆ, ಅವಳ ಹಿಂದೆ ಹೊಳೆಯುವ ಕಣ್ಣಿನ ಹುಡುಗನೊಬ್ಬ. ಈ ಕಾದಂಬರಿಯ ಹೆಸರು 'ಬೆವರುವ ಗೋಡೆ'. ಹೆಸರು ನೋಡಿಯೇ ಮೂಗು ಮುರಿದು ಪೆನ್ಸಿಲ್ ಚೂಪು ಮಾಡಿಕೊಂಡಳು.

ಆದರೆ ಕಥೆ ಹಿಡಿದುಕೊಂಡಿತು. ಮುಂದೊಂದು ಕಾಲದಲ್ಲಿ ಸಮುದ್ರ ಉಕ್ಕಿ, ಜನ ಆಕಾಶದೆತ್ತರ ಗೋಡೆ ಕಟ್ಟಿ, ಅದರ ನೆರಳಲ್ಲಿ ನಗರ ಮಾಡಿಕೊಂಡಿರುತ್ತಾರೆ. ಗೋಡೆಯ ಬುಡದಲ್ಲೊಬ್ಬ ಕಾವಲುಗಾರ. ಬೆಳಿಗ್ಗೆ ಎದ್ದು ಗೋಡೆಯ ಬೆವರು ನೋಡುವುದು ಅವನ ಕೆಲಸ. ಬೆವರು ತಿಳಿಯಾಗಿದ್ದರೆ ಗೋಡೆ ಗಟ್ಟಿ. ಕದಡಿದ್ದರೆ ನೀರು ಗೋಡೆಯ ಹೊಟ್ಟೆಯನ್ನು ಒಳಗಿಂದ ತಿನ್ನುತ್ತಿದೆ ಎಂದು ಅರ್ಥ. ಬೆವರು ಕದಡುತ್ತದೆ. ಮೇಲಿನವರು 'ತಿಳಿ' ಎಂದೇ ಬರೆಯಲು ಹೇಳುತ್ತಾರೆ. ಅವನು ಬರೆಯುತ್ತಾನೆ. ನಾಲ್ಕನೇ ಅಧ್ಯಾಯದಲ್ಲಿ ಗೋಡೆ ಒಡೆಯುತ್ತದೆ. ಉಳಿಯುವವಳು ಅವನ ಹದಿನಾರು ವರ್ಷದ ಎಡಗೈ ಮಗಳು, ಗುಡ್ಡದ ಮೇಲೆ ಒಬ್ಬಳೇ.

ನಮ್ಮ ಎಡಚಿಯ ಹಾಗೇ, ಅಂದುಕೊಂಡಳು ಕೆಂಪಕ್ಕ. ಅವಳ ಮಗಳೂ ಎಡಗೈಯವಳು, ಅವಳಿಗೂ ಹದಿನಾರು. ಅಷ್ಟು ಅಂದುಕೊಂಡು ಪುಟ ತಿರುಗಿಸಿದಳು.

ಸಂಜೆ ಮನೆಗೆ ಬಂದರೆ ಅಡುಗೆಮನೆಯ ಕಿಟಕಿಯಲ್ಲಿ ಮತ್ತೊಂದು ಬಾಟಲಿ ಸೇರಿತ್ತು. ಗಂಡ ಊರಾಚೆ ಒಂದೂವರೆ ಮೈಲಿ ಮೇಲಿರುವ ಮಣ್ಣಿನ ಅಣೆಕಟ್ಟಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ಅವಳು "ಅದೇನೋ ಅಳೆದು ಬರ್ಕೊಳ್ಳೋ ಕೆಲಸ" ಎನ್ನುತ್ತಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಏನು ಅಳೆಯುತ್ತಾನೆ, ಏನು ಬರೆದುಕೊಳ್ಳುತ್ತಾನೆ ಎಂದು ಒಂದು ದಿನವೂ ಕೇಳಿರಲಿಲ್ಲ. ಮಾತು ಕಡಿಮೆಯ ಗಂಡ. ಅವಳ ಲೆಕ್ಕದಲ್ಲಿ ಒಂದು ಪುಸ್ತಕವನ್ನೂ ಪೂರ್ತಿ ಓದಿದವನಲ್ಲ. ಹಿತ್ತಲ ಗಿಡ ಮದ್ದಲ್ಲ.

"ಏನ್ರೀ ಇದು? ಅಡುಗೆಮನೆಯೋ ಔಷಧಿ ಅಂಗಡಿಯೋ? ಹನ್ನೊಂದಾಯ್ತು. ಈ ಕೊಳಕು ನೀರು ಯಾಕೆ ಜೋಡಿಸ್ತಾ ಇದ್ದೀರಿ?"

ಗಂಡ ಎರಡು ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಪ್ರತಿ ಬಾಟಲಿಗೂ ಒಂದು ಚೀಟಿ ಅಂಟಿಸಿ ತಾರೀಖು, ಹೊತ್ತು ಬರೆದಿದ್ದ. ಎಲ್ಲ ಅಕ್ಷರವೂ ಎಡಕ್ಕೆ ವಾಲಿದ, ಗಾಳಿಗೆ ಬಗ್ಗಿದ ಬೇಲಿಯಂಥ ಬರಹ ಅವನದು.

"ಕಟ್ಟೆ ಬುಡದಲ್ಲಿ ಜಿನುಗೋ ನೀರು. ಇದು ಮೊದಲನೇದು, ಹೋದ ವರ್ಷದ್ದು, ಗಾಜಿನ ಹಾಗಿದೆ. ಇದು ಇವತ್ತಿಂದು. ತಳ ನೋಡು."

ತಳದಲ್ಲಿ ಅರ್ಧ ಬೆರಳು ಮಣ್ಣು ಕೂತಿತ್ತು.

"ಮಣ್ಣು ತಾನೇ? ನಲ್ಲೀಲೂ ಬರುತ್ತೆ."

"ಮಳೆ ನಿಂತು ಎರಡು ತಿಂಗಳಾಯ್ತು ಕಣೇ. ಮಳೆ ಇಲ್ದೆ ನೀರು ಕದಡೋದು ಅಂದ್ರೆ..."

"ಮೊದಲು ಉಣ್ಣಿ. ಲೋಕ ಆಮೇಲೆ ಮುಳುಗಲಿ." ತಟ್ಟೆಯನ್ನು ಟಣ್ಣೆಂದು ಮುಂದಿಟ್ಟಳು. ಅದು ಅವಳ ಮಾಮೂಲಿ ಮಾತು. ಯಾರು ಏನು ಹೇಳಲು ಬಂದರೂ ಅವಳ ಉತ್ತರ ಅದೇ.

"ಅಮ್ಮಾ, ಅಪ್ಪ ಏನೋ ಹೇಳ್ತಿದ್ದಾರೆ, ಕೇಳಬಾರ್ದಾ?" ಎಂದಳು ಎಡಚಿ, ಎಡಗೈಯಲ್ಲಿ ಜಡೆಯ ತುದಿ ತಿರುವುತ್ತ.

"ನೀನು ಬಾಯಿ ಮುಚ್ಚಿಕೊಂಡು ಓದ್ಕೋ. ಪರೀಕ್ಷೆ ತಲೆ ಮೇಲಿದೆ."

ಗಂಡ ಬಾಟಲಿಗಳನ್ನು ಮತ್ತೆ ಸಾಲಾಗಿ ಜೋಡಿಸಿ ಊಟಕ್ಕೆ ಕೂತ.

ಮರುದಿನ ಒಂಬತ್ತನೇ ಅಧ್ಯಾಯ. ಕಾದಂಬರಿಯ ಹುಡುಗಿಯ ಹತ್ತಿರ ಒಂದು ಯಂತ್ರವಿರುತ್ತದೆ. ಮುರಿದ ಗೋಡೆಗೆ ಅದನ್ನು ಒತ್ತಿ ಹಿಡಿದರೆ, ಆ ಗೋಡೆ ಬದುಕಿದ್ದಾಗ ಕುಡಿದಿಟ್ಟ ಮಾತುಗಳೆಲ್ಲ ಹೊರಗೆ ಕೇಳಿಸುತ್ತವೆ. ಹುಡುಗಿ ಮುಳುಗಿದ ತನ್ನ ಮನೆಗೆ ಈಜಿ ಇಳಿದು, ಅಡುಗೆಮನೆಯ ಗೋಡೆಗೆ ಯಂತ್ರ ಹಚ್ಚುತ್ತಾಳೆ. ಗಂಡಸಿನ ದನಿ ಹೇಳುತ್ತದೆ, "ಇವತ್ತೂ ಕದಡಿತ್ತು ಕಣೇ." ಹೆಂಗಸಿನ ದನಿ ಹೇಳುತ್ತದೆ, "ಮೊದಲು ಉಣ್ಣಿ. ಲೋಕ ಆಮೇಲೆ ಮುಳುಗಲಿ."

ಕೆಂಪಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂಚಿನಲ್ಲಿ 'ಭೇಷ್!' ಎಂದು ಬರೆದಳು. ಇದನ್ನು ಬರೆದವನ ಮನೆಯಲ್ಲೂ ಒಬ್ಬಳು ಗಟ್ಟಿಗಿತ್ತಿ ಇರಬೇಕು, ಎಲ್ಲರ ಮನೆಯ ಕಥೆಯೂ ಒಂದೇ, ಅಂದುಕೊಂಡಳು. ಅಯ್ಯೋ ಮಾರಾಯ್ತಿ, ಎಂದು ಯಾರಾದರೂ ಅವಳ ಭುಜ ಹಿಡಿದು ಅಲ್ಲಾಡಿಸಬೇಕಿತ್ತು. ಆದರೆ ತಲೆ ಎತ್ತಿದರೆ ಎದುರಿಗಿದ್ದದ್ದು ಬೀರು. ಬರೆದವನ ಹೆಸರು ಅದರೊಳಗೆ ಬೀಗ ಹಾಕಿಕೊಂಡು ಕೂತಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಗಂಡ ಇದ್ದಕ್ಕಿದ್ದಂತೆ ಕೇಳಿದ. "ಈಗ ಏನು ಓದ್ತಾ ಇದ್ದೀಯ?"

ಕೆಂಪಕ್ಕನಿಗೆ ಆಶ್ಚರ್ಯವಾಯಿತು. ಇಪ್ಪತ್ತೆರಡು ವರ್ಷದಲ್ಲಿ ಅವನು ಕೇಳಿದ್ದು ಇದೇ ಮೊದಲು. "ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ಅದೊಂದು ಲೋಕ ಮುಳುಗಿದ ಕಥೆ. ಹುಡುಗಿ ಒಬ್ಬಳಿದ್ದಾಳೆ, ಗೋಡೆ ಮಾತು ಕೇಳೋ ಯಂತ್ರ ಇದೆ. ನಿಮಗೆಲ್ಲಿ ಅರ್ಥ ಆಗುತ್ತೆ ಬಿಡಿ."

"ಆ ಕಾವಲುಗಾರ ಸುಮ್ನಿದ್ದಿದ್ದು ತಪ್ಪು ಅಂತೀಯಾ?"

"ಅದನ್ನ ಇನ್ನೂ ಯೋಚ್ನೆ ಮಾಡಿಲ್ಲ. ನಾಳೆ ವರದಿ ಬರೀಬೇಕು. ಕೈ ಒಣಗ್ತಾ ಇದೆ, ಉಣ್ಣಿ."

ಕಾವಲುಗಾರನ ಸುದ್ದಿಯನ್ನೇ ತಾನು ಎತ್ತಿರಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಒಂಬತ್ತು ದಿನ ಕಳೆದಿತ್ತು.

ಬುಧವಾರ ವರದಿಗೆ ಕೂತಳು. ಗುಣದ ಕಡೆ ಪೆನ್ಸಿಲ್ ತಾನಾಗಿ ಓಡಿತು. ಕಥೆ ಎಲ್ಲೂ ಕೂರದೆ ಓಡುತ್ತದೆ ಎಂದು ಬರೆದಳು. ಹುಡುಗಿಯ ಮಾತು ನಿಜವಾದ ಹುಡುಗಿಯ ಮಾತಿನಂತಿದೆ, ಅವಳು ಎಡಗೈಯವಳೆಂಬ ಪುಟ್ಟ ವಿವರಕ್ಕೇ ಜೀವವಿದೆ ಎಂದಳು. ನೆನೆದ ಮನೆಗಳ ವಾಸನೆ, ಗೋಡೆ ಕೇಳುವ ಯಂತ್ರ, ಅಡುಗೆಮನೆಯ ಆ ಒಂದು ಮಾತು, ಇವೆಲ್ಲ ಬಂದವು. ಏಳನೆಯದಾಗಿ ಬರೆದಳು: "ಬರೆದವರಿಗೆ ಏನೋ ಗೊತ್ತಿದೆ, ಅದಕ್ಕೇ ಹೆದರಿದ್ದಾರೆ ಎಂಬ ಭಾವನೆ ಓದುಗನನ್ನು ಕೊನೆಯವರೆಗೆ ಬಿಡುವುದಿಲ್ಲ."

ದೋಷದ ಕಡೆ ಕೈ ನಿಧಾನವಾಯಿತು. ಹೊಳೆಯುವ ಕಣ್ಣಿನ ಹುಡುಗ ದಂಡಪಿಂಡ, ಕಿತ್ತು ಹಾಕಿದರೆ ಕಥೆಗೆ ಏನೂ ಆಗುವುದಿಲ್ಲ. ಖಳರು ಬೇಕಾದ್ದಕ್ಕಿಂತ ಹೆಚ್ಚು ನಗುತ್ತಾರೆ. ದೊಡ್ಡವರೆಲ್ಲ ಮೂರ್ಖರೆಂದರೆ ನಂಬುವುದು ಕಷ್ಟ. ಗೋಡೆ ಬೆವರುವುದು, ಬೆವರಿನ ಬಣ್ಣದಿಂದ ಭವಿಷ್ಯ ಗೊತ್ತಾಗುವುದು ವಿಜ್ಞಾನವಲ್ಲ, ಮಾಟ. ಹುಡುಗಿ ಅದೇ ದಿನ ಗುಡ್ಡದ ಮೇಲಿದ್ದದ್ದು ಬರೀ ಕಾಕತಾಳೀಯ. ಆರನೆಯದನ್ನು ಅಡಿಗೆರೆ ಎಳೆದು ಬರೆದಳು: "ತಾಯಿಯ ಪಾತ್ರ ಅತಿರೇಕ. ಗಂಡ ಇಷ್ಟು ಸಲ ಹೇಳಲು ಬಂದರೂ ಕಿವಿಗೆ ಹಾಕಿಕೊಳ್ಳದ ಹೆಂಡತಿ ಎಲ್ಲೂ ಇರುವುದಿಲ್ಲ."

ಅಲ್ಲಿಗೆ ನಿಂತಿತು. ಒಂದು ಕಡೆ ಏಳು, ಇನ್ನೊಂದು ಕಡೆ ಆರು.

"ಯಜಮಾನ್ರೇ, ದೋಷ ಆರೇ ಸಿಕ್ಕಿರೋದು. ಒಂದು ಗುಣ ಹೊಡೆದು ಹಾಕ್ಲಾ?"

"ಗುಣ ಯಾಕೆ ಹೊಡೀತೀರಿ? ಇನ್ನೊಂದು ದೋಷ ಹುಡುಕಿ. ದೋಷ ಹುಡುಕೋದ್ರಲ್ಲಿ ನಿಮ್ಮನ್ನ ಮೀರಿಸೋರುಂಟಾ?"

ಹೊಗಳಿಕೆಗೆ ಯಾರು ಉಬ್ಬುವುದಿಲ್ಲ? ಕೆಂಪಕ್ಕ ಮತ್ತೆ ಪುಟ ಮಗುಚಿದಳು. ಮೂರನೇ ಅಧ್ಯಾಯದಲ್ಲಿ ಒಂದು ಕಡೆ ಕಣ್ಣು ನಿಂತಿತು. ಗೋಡೆಯ ಬುಡದ ಗುಡಿಸಲಲ್ಲಿ ಹಳೆಯ ಕಾಲದ ಸೈರನ್ ಒಂದಿರುತ್ತದೆ. ಕರೆಂಟಿನದಲ್ಲ, ಕೈಯಲ್ಲಿ ಹಿಡಿಕೆ ತಿರುಗಿಸುವಂಥದು. ತಿರುಗಿಸುವಷ್ಟು ಹೊತ್ತು ಮಾತ್ರ ಕೂಗುತ್ತದೆ. ಕಾವಲುಗಾರ ದಿನವೂ ಅದನ್ನು ನೋಡುತ್ತಾನೆ, ಮುಟ್ಟುವುದಿಲ್ಲ. ಗೋಡೆ ಒಡೆದ ದಿನವೂ ಮುಟ್ಟುವುದಿಲ್ಲ.

ನಿಜ ಹೇಳಬೇಕೆಂದರೆ ಇಡೀ ಕಾದಂಬರಿಯಲ್ಲಿ ಅವಳಿಗೆ ಎಲ್ಲಕ್ಕಿಂತ ಸರಿ ಎನಿಸಿದ್ದು ಅದೇ. ಸಂಸಾರವಂದಿಗ, ಮೇಲಿನವರ ಮಾತಿಗೆ ತಲೆಬಾಗಿ ಬದುಕಿದವನು, ಬಾಯಿಲ್ಲದವನು. ಅಂಥವನು ಸುಮ್ಮನಿರುವುದೇ ಸಹಜ. ಹಾಗೆಂದು ಗೊತ್ತಿದ್ದೂ, ತಕ್ಕಡಿ ಸಮ ಮಾಡಲೆಂದು ಬರೆದಳು: "ಏಳು. ಕಾವಲುಗಾರ ಗೊತ್ತಿದ್ದೂ ಕೈಕಟ್ಟಿ ಕೂತ. ಇಂಥ ತಂದೆಯನ್ನು ಓದುಗ ಕ್ಷಮಿಸುವುದಿಲ್ಲ. ಮೂರನೇ ಅಧ್ಯಾಯದಲ್ಲಿ ತೋರಿಸಿದ ಸೈರನ್ ಕೊನೆಯವರೆಗೂ ಕೂಗುವುದೇ ಇಲ್ಲ. ಅವನು ಅದನ್ನು ತಿರುಗಿಸಲೇಬೇಕು, ಏನೇ ಆಗಲಿ."

ಬರೆದು ಮುಗಿಸಿ, ಟೈಪ್ ಮಾಡಲು ಕೊಟ್ಟು ಚಾ ಕುಡಿದಳು. ಯಜಮಾನರು ಅಂದೇ ಅಂಚೆಗೆ ಹಾಕಿಸಿದರು.

ಮುಂದಿನ ವಾರ ಊರಿನಲ್ಲಿ ಸಣ್ಣಪುಟ್ಟ ಸಂಗತಿಗಳು ನಡೆದವು. ರಟ್ಟು ಕಟ್ಟುವವನ ಮನೆಯ ಬಾವಿಯಲ್ಲಿ ನೀರು ತಾನಾಗಿ ಮೇಲಕ್ಕೆ ಬಂತು. "ಬೇಸಿಗೇಲಿ ಬಾವಿ ಉಕ್ಕೋದು ಅಂದ್ರೆ ಎಂಥಾ ಪುಣ್ಯ ಕೆಂಪಕ್ಕ!" ಎಂದು ಅವನು ಅಂಟಿನ ಕೈಯಲ್ಲೇ ಹೇಳಿಕೊಂಡು ತಿರುಗಿದ. ಹೊಳೆಯ ದಂಡೆಯಲ್ಲಿ, ಎಡಚಿಯ ಶಾಲೆಯ ಹಿಂದಿನ ಆಟದ ಬಯಲು ಒಂದು ಕಡೆ ಜೌಗಾಯಿತು. ಯಾರದೋ ಕೊಳಾಯಿ ಒಡೆದಿದೆ ಎಂದರು ಜನ. ಕಿಟಕಿಯಲ್ಲಿ ಬಾಟಲಿಗಳು ಹದಿನೆಂಟಾದವು. ಕೊನೆಯ ಮೂರನ್ನು ಅಲುಗಾಡಿಸದೆ ಇಟ್ಟರೂ ತಿಳಿಯಾಗಲಿಲ್ಲ, ಹಾಲು ಹಾಕಿದ ಚಹಾದ ಬಣ್ಣದಲ್ಲಿ ಹಾಗೇ ನಿಂತವು. ಕೆಂಪಕ್ಕ ಅವುಗಳ ಮೇಲೊಂದು ಬಟ್ಟೆ ಹೊದಿಸಿದಳು, ನೋಡಲು ಅಸಹ್ಯವೆಂದು.

ಒಂದು ಸಂಜೆ ಗಂಡ ಹೊರಗಿನ ಮೆಟ್ಟಿಲ ಮೇಲೆ ಕೂತು ಯಾವುದೋ ಕಾಗದ ಓದುತ್ತಿದ್ದ. ಅವಳು ಬಂದದ್ದು ನೋಡಿ ಮಡಚಿ ಜೇಬಿಗಿಟ್ಟ.

"ಏನ್ರೀ ಅದು?"

"ಒಬ್ಬರು ನನ್ನ ತಪ್ಪು ತೋರಿಸಿದ್ದಾರೆ. ಸರಿಯಾಗೇ ತೋರಿಸಿದ್ದಾರೆ."

"ಯಾರು, ನಿಮ್ಮ ಸಾಹೇಬರಾ?"

"ಸಾಹೇಬರಿಗಿಂತ ದೊಡ್ಡೋರು," ಎಂದು ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ. ಅವಳಿಗೂ ಸಮಾಧಾನವಾಯಿತು.

ಗುರುವಾರ ಬೆಳಿಗ್ಗೆ ಅವನು ಮಾಮೂಲಿಗಿಂತ ಬೇಗ ಹೊರಟ. ಚಪ್ಪಲಿ ಮೆಟ್ಟಿಕೊಂಡವನು ಮತ್ತೆ ಒಳಗೆ ಬಂದ.

"ಇವತ್ತು ಇವಳನ್ನ ಗುಡ್ಡದ ಮೇಲೆ ನಿಮ್ಮಕ್ಕನ ಮನೆಗೆ ಕಳಿಸು. ನೀನೂ ಹೋಗು. ನಾಲ್ಕು ದಿನ ಇದ್ದು ಬನ್ನಿ."

"ನಿಮಗೇನು ತಲೆ ಕೆಟ್ಟಿದೆಯಾ? ಇವತ್ತು ಗಣಿತದ ಪರೀಕ್ಷೆ ಅವಳಿಗೆ."

"ನೀರು ತುಂಬಾ..."

"ಮೊದಲು ಪರೀಕ್ಷೆ ಮುಗೀಲಿ ರೀ. ಸಂಜೆ ಬಂದು ಹೇಳಿ, ಕೇಳ್ತೀನಿ. ಆಣೆಗೂ ಕೇಳ್ತೀನಿ."

ಅವನು ಮಗಳ ಎಡಗೈ ಹಿಡಿದು, "ಬರ್ತೀನಿ ಎಡಚಿ" ಎಂದ. "ಹೋಗಿ ಬಾಪ್ಪಾ" ಎಂದಳು ಅವಳು, ಸೂತ್ರ ಬಾಯಿಪಾಠ ಮಾಡುತ್ತಲೇ.

ಹತ್ತೂವರೆಗೆ ಯಜಮಾನರು ನಾಲ್ಕು ಹಾಳೆ ತಂದು ಮೇಜಿನ ಮೇಲಿಟ್ಟರು.

"ನಲವತ್ತೊಂದರವರು ನಾಲ್ಕನೇ ಅಧ್ಯಾಯ ತಿದ್ದಿ ಕೊಟ್ಟಿದ್ದಾರೆ. ಬೆಳಿಗ್ಗೆ ಬಾಗಿಲ ಸಂದೀಲಿ ತೂರಿಸಿ ಹೋಗಿದ್ದಾರೆ ನೋಡಿ. ಟೈಪ್ ಮಾಡ್ಸೋಕೂ ಪುರುಸೊತ್ತಿರಲಿಲ್ಲ ಅನ್ಸುತ್ತೆ, ಕೈಯಲ್ಲೇ ಬರೆದಿದ್ದಾರೆ. ಕಟ್ಟಳೆಗೆ ವಿರುದ್ಧ, ಆದ್ರೂ ಇದೊಂದು ಸಲ ಓದಿಬಿಡಿ."

ಕೆಂಪಕ್ಕ ಹಾಳೆ ಎತ್ತಿಕೊಂಡಳು. ಎಲ್ಲ ಅಕ್ಷರವೂ ಎಡಕ್ಕೆ ವಾಲಿತ್ತು, ಗಾಳಿಗೆ ಬಗ್ಗಿದ ಬೇಲಿಯ ಹಾಗೆ.

ಅವಳಿಗೆ ಮೊದಲು ಹೊಳೆದದ್ದು ಒಂದು ಪೆದ್ದು ಯೋಚನೆ: ಇವರು ಬಾಟಲಿಗೆ ಚೀಟಿ ಅಂಟಿಸುವ ಕಾಗದವನ್ನು ಇಲ್ಲಿಗೆ ಯಾಕೆ ತಂದರು? ಆಮೇಲೆ ಒಂದೊಂದಾಗಿ ಬಂದು ಬಡಿದವು. ಅಡುಗೆಮನೆಯ ಮಾತು. ಎಡಗೈ ಹುಡುಗಿ. ಕದಡಿದ ಬೆವರು. ತಾನು ಹೇಳದೆಯೇ ಅವನು ಕೇಳಿದ ಕಾವಲುಗಾರ. ಮನೆಯಲ್ಲಿ ಬಾಯಿ ತೆಗೆದರೆ ತಟ್ಟೆ ಮುಂದಿಟ್ಟು ಬಾಯಿ ಮುಚ್ಚಿಸುವ ಹೆಂಡತಿ, ಸಂಖ್ಯೆ ಹಾಕಿದ ಕಾಗದವಾದರೆ ಅಕ್ಷರ ಬಿಡದೆ ಓದುತ್ತಾಳೆ ಎಂದು ಆ ಮನುಷ್ಯನಿಗೆ ಗೊತ್ತಿತ್ತು. ಅದಕ್ಕೇ ಇನ್ನೂರ ಎಂಬತ್ತು ಪುಟ ಬರೆದಿದ್ದ. ಅವಳಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಮೈಯ ಮೇಲೆ ಬಟ್ಟೆಯೇ ಇಲ್ಲದಂಥ ನಾಚಿಕೆ.

ಹಾಳೆಯ ತಲೆಯಲ್ಲಿ ಒಂದು ಸಾಲಿತ್ತು. "ಆರು ದೋಷಗಳ ಬಗ್ಗೆ ನನಗೆ ಗೊತ್ತಿಲ್ಲ. ಏಳನೆಯದು ನಿಜ, ತಿದ್ದಿದ್ದೇನೆ."

ಕೆಳಗೆ ಕಥೆ.

"ಕಾವಲುಗಾರ ಮೇಲಿನವರಿಗೆ ಹನ್ನೊಂದು ಸಲ ಹೇಳಿದ್ದ, ಮನೆಯಲ್ಲಿ ನಾಲ್ಕು ಸಲ. ನಿನ್ನೆ ಸಂಜೆ ಬೆವರು ಕೈಬೆರಳಿನಷ್ಟು ದಪ್ಪಗೆ ಹರಿಯುತ್ತಿತ್ತು. ಇವತ್ತು ತೋಳಿನಷ್ಟಾದರೆ ಹೇಳುವುದು ಮುಗಿಯಿತು, ತಿರುಗಿಸುವುದೊಂದೇ ಉಳಿಯಿತು. ಊರಿನವರು ಇದನ್ನು ಗಿರಣಿಯ ಕೂಗು ಅಂದುಕೊಳ್ಳುತ್ತಾರೆ. ಒಬ್ಬಳಿಗೆ ಮಾತ್ರ ಇದು ಏನೆಂದು ಗೊತ್ತಾಗುತ್ತದೆ, ಯಾಕೆಂದರೆ ಅವಳು ಓದಿದ್ದಾಳೆ. ಅವಳು ಗೋಡೆಯ ಕಡೆ ಬರುವುದಿಲ್ಲ. ಮಗಳ ಎಡಗೈ ಹಿಡಿದು ಗುಡ್ಡ ಹತ್ತುತ್ತಾಳೆ. ಕೂಗು ಕೇಳುವಷ್ಟು ಹೊತ್ತು ಸಮಯವಿದೆ."

ಮೂರನೇ ಹಾಳೆ ಮುಗಿಯುವಷ್ಟರಲ್ಲಿ ಹೊರಗೆ ಕೂಗು ಎದ್ದಿತು. ಮೊದಲು ತಗ್ಗಿನಲ್ಲಿ ಗೊರಗುಟ್ಟಿ, ಮೆಲ್ಲಗೆ ಏರಿ, ಊರಿನ ತಲೆಯ ಮೇಲೆ ನಿಂತುಕೊಂಡಿತು.

"ಗಿರಣಿ ಇಷ್ಟು ಬೇಗ ಬಿಟ್ಟಿತಾ?" ಯಜಮಾನರು ಕೈಗಡಿಯಾರ ನೋಡಿಕೊಂಡರು.

"ಗಿರಣಿ ಅಲ್ಲ ಯಜಮಾನ್ರೇ. ಕಟ್ಟೆ ಒಡೀತಾ ಇದೆ. ಎದ್ದೇಳಿ, ಗುಡ್ಡ ಹತ್ತಿ!"

"ಕೂತ್ಕೊಳ್ಳಿ ಕೆಂಪಕ್ಕ. ಇಂಥದ್ದೆಲ್ಲ ಓದಿ ಓದಿ ನಿಮ್ಮ ತಲೆ ಬಿಸಿಯಾಗಿದೆ. ಮೊದಲು ಒಂದು ಲೋಟ ಚಾ ಕುಡೀರಿ."

ಆ ಮಾತು ಕೇಳಿ ಅವಳಿಗೆ ಯಜಮಾನರ ಕಪಾಳಕ್ಕೆ ಬಾರಿಸಬೇಕೆನಿಸಿತು. ಆಮೇಲೆ ತನ್ನ ಕಪಾಳಕ್ಕೇ. ಹಾಳೆಗಳನ್ನು ಸೆರಗಿಗೆ ಕಟ್ಟಿಕೊಂಡು, ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು ಓಡಿದಳು. ರಟ್ಟು ಕಟ್ಟುವವನು ಬಾಗಿಲಿಗೆ ಬಂದು ಆಕಾಶ ನೋಡಿ, ಮತ್ತೆ ಅಂಟಿನ ಡಬ್ಬಿಯ ಮುಂದೆ ಕೂತ. "ಓಡೋ ಮಾರಾಯ!" ಎಂದು ಕಿರುಚಿದಳು. ಅವನು ನಕ್ಕು ಕೈಬೀಸಿದ.

ಬೀದಿ ಎಂದಿನಂತೆಯೇ ಇತ್ತು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆದ ಮುಖವೊಂದು ಅವಳನ್ನು ನೋಡಿತು. ಇಬ್ಬರು ಹೆಂಗಸರು ಬಟ್ಟೆ ಒಣಹಾಕುತ್ತ, ಪಾಪ, ಯಾರಿಗೇನಾಯಿತೋ, ಎಂದುಕೊಂಡರು. ಎಲ್ಲರಿಗೂ ಕೂಗಿ ಹೇಳುತ್ತ ಓಡಿದಳು. ಕೆಲವರು ನಿಂತು ಕೇಳಿದರು, ನಾಲ್ಕೈದು ಜನ ಮಕ್ಕಳನ್ನು ಎತ್ತಿಕೊಂಡರು. ಎಡಕ್ಕೆ ತಿರುಗಿದರೆ ಕಟ್ಟೆಯ ರಸ್ತೆ, ಬಲಕ್ಕೆ ತಿರುಗಿದರೆ ಶಾಲೆ. ಒಂದು ಗಳಿಗೆ ಕಾಲು ನಿಂತಿತು. ಕೂಗು ಸ್ವಲ್ಪ ಕುಸಿದು, ಮತ್ತೆ ಏರಿತು. ಅವಳು ಬಲಕ್ಕೆ ತಿರುಗಿದಳು.

ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಕೈ ಅಡ್ಡ ಹಿಡಿದು ನಿಂತರು. "ಪರೀಕ್ಷೆ ನಡೀತಾ ಇದೆ ತಾಯೀ. ಹೀಗೆ ನುಗ್ಗೋ ಹಾಗಿಲ್ಲ."

ಬಾಯಿ ಜೋರಿನ ಕೆಂಪಕ್ಕನಾದರೂ ಏನು ಹೇಳುವುದು? ಕಾದಂಬರಿಯಲ್ಲಿ ಹೀಗಿದೆ ಎನ್ನುವುದೇ? ಕೊನೆಗೆ ಅವರ ಕೈ ಹಿಡಿದು ಹಿಂದಿನ ಕಿಟಕಿಗೆ ಎಳೆದುಕೊಂಡು ಹೋದಳು. ಹೊಳೆ ಕಾಣುತ್ತಿತ್ತು. ಹಾಲು ಹಾಕಿದ ಚಹಾದ ಬಣ್ಣ.

"ಮಳೆ ಬಿದ್ದು ಎರಡು ತಿಂಗಳಾಯ್ತು ಮೇಡಂ. ಮಳೆ ಇಲ್ದೆ ಹೊಳೆ ಯಾಕೆ ಕದಡಿದೆ, ನೀವೇ ಹೇಳಿ."

ಮುಖ್ಯೋಪಾಧ್ಯಾಯಿನಿ ನೀರನ್ನು ನೋಡಿದರು. ಕೂಗಿಗೆ ಕಿವಿಗೊಟ್ಟರು. ಆಮೇಲೆ ತಾವೇ ಹೋಗಿ ಗಂಟೆ ಬಾರಿಸಿದರು, ನಿಲ್ಲಿಸದೆ ಬಾರಿಸಿದರು. ಆ ಹೆಂಗಸಿನ ಹೊಟ್ಟೆ ತಣ್ಣಗಿರಲಿ.

ಮುನ್ನೂರು ಮಕ್ಕಳು ಗುಡ್ಡದ ದಾರಿ ಹತ್ತಿದರು, ಚಿಕ್ಕವರು ದೊಡ್ಡವರ ಕೈ ಹಿಡಿದು. ಬೀದಿಯಲ್ಲಿ ಮಕ್ಕಳ ಸಾಲು ಕಂಡ ಮೇಲೆ ಜನಕ್ಕೂ ಎಚ್ಚರವಾಯಿತು. ಹೆಂಗಸಿನ ಮಾತಿಗೆ ಅಲ್ಲಾಡದವರು ಮಕ್ಕಳ ಸಾಲಿನ ಹಿಂದೆ ಓಡಿಬಂದರು. ಕೆಂಪಕ್ಕ ಮಗಳ ಎಡಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಎಡಚಿ ಮೂರು ಸಲ "ನೋಯ್ತಿದೆಯಮ್ಮಾ" ಎಂದಳು.

"ಅಪ್ಪ ಎಲ್ಲಿ?"

"ನಡಿ."

"ಅಪ್ಪ ಎಲ್ಲಮ್ಮಾ?"

"ಕೂಗ್ತಾ ಇದ್ದಾರಲ್ಲ, ಕೇಳಿಸ್ತಾ ಇಲ್ವಾ? ನಡಿ."

ಗುಡ್ಡದ ನಡುವೆ ಅಕ್ಕನ ಮನೆಯ ಅಂಗಳಕ್ಕೆ ಬರುವ ಹೊತ್ತಿಗೆ ಕೂಗು ಶುರುವಾಗಿ ಅರ್ಧ ಗಂಟೆಗೂ ಮೇಲಾಗಿತ್ತು. ಅದು ಈಗ ಮೊದಲಿನಂತಿರಲಿಲ್ಲ. ಆಗಾಗ ತಗ್ಗುತ್ತಿತ್ತು, ಒಂದೆರಡು ಉಸಿರಿನಷ್ಟು ಹೊತ್ತು ಪೂರ್ತಿ ಅಡಗಿ ಮತ್ತೆ ಏಳುತ್ತಿತ್ತು.

"ಕೈ ಬದಲಾಯಿಸ್ತಾ ಇದ್ದಾರೆ," ಎಂದಳು ಕೆಂಪಕ್ಕ. "ಬಲಗೈ ಸೋತಿರುತ್ತೆ." ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗಂಡ ಏನು ಮಾಡುತ್ತಿದ್ದಾನೆಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಅವನ ಮಾತಿಗೆ ಎಂದೂ ಕೊಡದ ಕಿವಿಯನ್ನು ಆ ಕೂಗಿಗೆ ಕೊಟ್ಟು ನಿಂತಳು. ಬಿಡಿ ರೀ, ಸಾಕು, ಬನ್ನಿ, ಎಲ್ಲರೂ ಹತ್ತಿದ್ದಾರೆ, ಎಂದು ತುಟಿಯೊಳಗೇ ಹೇಳಿಕೊಂಡಳು. ಎಲ್ಲರೂ ಹತ್ತಿರಲಿಲ್ಲ. ಕೆಳಗಿನ ಬೀದಿಗಳಿಂದ ಜನ ಇನ್ನೂ ಬರುತ್ತಲೇ ಇದ್ದರು, ಯಜಮಾನರೂ ಒಂದು ಕಟ್ಟು ಕಾಗದ ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದರು. ಅದನ್ನೆಲ್ಲ ಕಟ್ಟೆಯ ಬುಡದ ಗುಡಿಸಲಿನಿಂದ ನೋಡಲಾಗದ ಮನುಷ್ಯ, ಇನ್ನೊಬ್ಬರು ಹತ್ತಿರಬಹುದು, ಇನ್ನೊಬ್ಬರು, ಎಂದು ತಿರುಗಿಸುತ್ತಲೇ ಇದ್ದ.

ಕೂಗು ತಗ್ಗಿತು. ನಿಂತಿತು.

"ಕೈ ಬದಲಾಯಿಸ್ತಾ ಇದ್ದಾರೆ," ಎಂದಳು ಎಡಚಿ ಈ ಸಲ.

ಕೆಂಪಕ್ಕ ಮನಸ್ಸಿನಲ್ಲೇ ಎಣಿಸಿದಳು. ಒಂದು, ಎರಡು, ಮೂರು. ಹತ್ತಾಯಿತು. ಇಪ್ಪತ್ತಾಯಿತು. ಆಮೇಲೆ ಮೇಲಿನ ಕಣಿವೆಯಿಂದ ಬೇರೆ ಸದ್ದು ಬಂತು, ತುಂಬಿದ ರೈಲು ಸೇತುವೆ ದಾಟುವಂಥದು. ಅದು ದಾಟಿ ಮುಗಿಯಲೇ ಇಲ್ಲ. ಹೊಳೆಯ ತಿರುವಿನಲ್ಲಿ ಕಂದು ಬಣ್ಣದ್ದೇನೋ ಎದ್ದು ನಿಂತು, ಶಾಲೆಯ ಚಾವಣಿಯ ಮೇಲೆ ಹಾಯ್ದು ಬಂತು.

ಯಾರೋ ಕಿರುಚಿದರು. ಎಡಚಿ ತಾಯಿಯ ತೋಳು ಹಿಡಿದು ಜಗ್ಗಿದಳು. "ಅಮ್ಮಾ, ಅಪ್ಪ ಯಾಕೆ ಅಲ್ಲೇ ನಿಂತ್ರು? ತಿರುಗಿಸಿಬಿಟ್ಟು ಓಡಿ ಬರಬಾರದಿತ್ತಾ? ಅಲ್ಲೇ ನಿಲ್ಲು ಅಂತ ಯಾರು ಹೇಳಿದ್ದು ಅವರಿಗೆ?"

ಕೆಂಪಕ್ಕ ಮಗಳ ಮುಖ ನೋಡಿದಳು. ಬದುಕಿರುವ ಮುಖ, ಜಡೆ ಬಿಚ್ಚಿಹೋಗಿತ್ತು, ಎಡಗೈಯಲ್ಲಿ ಪರೀಕ್ಷೆಯ ಪೆನ್ನು ಇನ್ನೂ ಹಾಗೇ ಇತ್ತು.

"ಆರೇ ಇದ್ದವು ಕಣೇ," ಎಂದಳು. "ನನಗೆ ಆರೇ ಸಿಕ್ಕಿದ್ದವು. ಏಳನೇದು ನಾನು ಸುಮ್ಮನೆ ಹುಡುಕಿ ಬರೆದಿದ್ದು."

ಎಡಚಿಗೆ ಅರ್ಥವಾಗಲಿಲ್ಲ. ಕೆಂಪಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ನಾಲ್ಕು ಹಾಳೆ ತೆಗೆದು, ಓದದೆ ಉಳಿದಿದ್ದ ಕೊನೆಯ ಹಾಳೆಯನ್ನು ಓದಲು ಕೂತಳು.